ಕುಕ್ಕರ್ ಕೊಳ್ಳುವ ಮೊದಲು ಅದರ ಹಿಡಿಯನ್ನು ನೋಡಿ: ಎರಡು ಕುಕ್ಕರ್‌ಗಳ ಅನುಭವ

ಎರಡು ವರ್ಷಗಳ ಹಿಂದೆ ಬೆಂಗಳೂರಿನ ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಐದು ಲೀಟರಿನ ಸ್ಟೀಲ್ ಕುಕ್ಕರ್ ಕೊಂಡಾಗ, ತಳ ಎಷ್ಟು ದಪ್ಪವಿದೆ, ಗ್ಯಾಸ್ಕೆಟ್ ಸುಲಭವಾಗಿ ಸಿಗುತ್ತದೆಯೇ, ಗ್ಯಾರಂಟಿ ಎಷ್ಟು ವರ್ಷ ಎಂಬುದನ್ನೆಲ್ಲ ವಿಚಾರಿಸಿದ ನಾನು ಹಿಡಿಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಅಮ್ಮ ಅಲ್ಲೇ ಅದನ್ನು ಒಮ್ಮೆ ಎತ್ತಿ ನೋಡಿ, ‘ಖಾಲಿ ಇರುವಾಗಲೇ ಕೈಯಲ್ಲಿ ಹೊರಳುತ್ತಲ್ಲೋ’ ಎಂದಿದ್ದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ತಿಂಗಳಲ್ಲೇ ಅದನ್ನು ಬದಿಗಿಟ್ಟು ಇನ್ನೊಂದನ್ನು ತರಬೇಕಾಯಿತು. ಎರಡರ ಅಳತೆಯೂ ಒಂದೇ, ಲೋಹವೂ ಒಂದೇ, ಅನ್ನ ಬೇಯುವುದರಲ್ಲಿಯೂ ಹೇಳುವಂಥ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಹಿಡಿಯಲ್ಲಿ.

ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು, ಬೇಳೆಯಂಥ ನೊರೆಯೇಳುವ ಪದಾರ್ಥವಾದರೆ ಅರ್ಧಕ್ಕೇ ನಿಲ್ಲಿಸಬೇಕು. ಐದು ಲೀಟರಿನದನ್ನು ಹಾಗೆ ಅರ್ಧ ತುಂಬಿದರೂ ಒಳಗಿನ ಭಾರವೇ ಎರಡೂವರೆ ಕಿಲೋ ಆಗುತ್ತದೆ, ಅದರ ಮೇಲೆ ದಪ್ಪ ತಳದ ಸ್ಟೀಲಿನ ತೂಕ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಬಸ್ಸಾರು ಆಗುತ್ತದೆ. ತೊಗರಿಬೇಳೆ, ಸೊಪ್ಪು ಬೆಂದ ಮೇಲೆ ಕಟ್ಟು ಬಸಿಯಲು ಕುಕ್ಕರನ್ನು ಎತ್ತಿ, ಜಾಲರಿಯ ಮೇಲೆ ನಿಧಾನವಾಗಿ ಬಗ್ಗಿಸಿ, ಒಂದರ್ಧ ನಿಮಿಷ ಅಲುಗಾಡದಂತೆ ಹಿಡಿದಿರಬೇಕು. ಹಿಡಿಯ ನಿಜವಾದ ಪರೀಕ್ಷೆ ನಡೆಯುವುದು ಆ ಅರ್ಧ ನಿಮಿಷದಲ್ಲಿ. ಮೊದಲ ಕುಕ್ಕರಿನ ಹಿಡಿ ದುಂಡಗೆ, ನುಣ್ಣಗೆ, ಹೊಳಪಾಗಿತ್ತು. ಒದ್ದೆ ಕೈಯಲ್ಲಿ ಬಗ್ಗಿಸಿದರೆ ಪಾತ್ರೆಯ ಭಾರಕ್ಕೆ ಅದು ಅಂಗೈಯೊಳಗೇ ತಿರುಗುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಸಂಧಿನೋವಿರುವ ಅಮ್ಮನಿಗೆ ಅದನ್ನು ಬಿಗಿಯಾಗಿ ಹಿಡಿಯಲು ಆಗುತ್ತಲೇ ಇರಲಿಲ್ಲ. ಈಗಿರುವುದರ ಹಿಡಿ ಚಪ್ಪಟೆಯಾಗಿದ್ದು, ಅಡಿಯಲ್ಲಿ ಬೆರಳುಗಳು ಕೂರುವಷ್ಟು ತಗ್ಗಿದೆ, ಮೇಲ್ಮೈ ಸ್ವಲ್ಪ ತರಿತರಿಯಾಗಿದೆ. ನಾಲ್ಕು ಬೆರಳೂ ಒಳಗೆ ಹೋಗಿ, ಕೊನೆಯ ಬೆರಳಿಗೂ ಪಾತ್ರೆಗೂ ನಡುವೆ ಸಾಕಷ್ಟು ಜಾಗ ಉಳಿಯುತ್ತದೆ. ಒಳಗೆ ಒತ್ತಡವೇರಿದಾಗ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಪಾತ್ರೆಗೆ ಗೆಣ್ಣು ತಾಗಿದರೆ ಏನಾಗುತ್ತದೆಂಬುದನ್ನು ನಾನು ಮೊದಲ ಕುಕ್ಕರಿನಲ್ಲೇ ಕಲಿತೆ.

ಕುಕ್ಕರ್ ಹಿಡಿಗಳು ಹೆಚ್ಚಾಗಿ ಬೇಕಲೈಟಿನವು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಈ ಪ್ಲಾಸ್ಟಿಕ್ ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕಾಯಿಸಿದರೂ ಕರಗುವುದಿಲ್ಲ, ಶಾಖವನ್ನೂ ಬೇಗ ಸಾಗಿಸುವುದಿಲ್ಲ. ಆದರೆ ಉರಿ ನೇರವಾಗಿ ನೆಕ್ಕಿದರೆ ಸೀದುಹೋಗುತ್ತದೆ. ದೊಡ್ಡ ಬರ್ನರಿನ ಉರಿ ಪಾತ್ರೆಯ ಅಂಚು ದಾಟಿ ಮೇಲೇಳುವ ಮನೆಗಳಲ್ಲಿ ಹಿಡಿಯ ಬುಡ ಬೂದುಬಣ್ಣಕ್ಕೆ ತಿರುಗಿ ಪುಡಿಯಾಗುವುದನ್ನು ಬಹಳ ಜನ ನೋಡಿರುತ್ತೀರಿ. ಆದ್ದರಿಂದ ಹಿಡಿಗೂ ಪಾತ್ರೆಗೂ ನಡುವೆ ಉರಿಯನ್ನು ತಡೆಯುವ ಲೋಹದ ಪಟ್ಟಿ ಇದೆಯೇ ಎಂದು ಬಗ್ಗಿ ನೋಡುವುದು ಅಗತ್ಯ. ಹಳೆಯದರಲ್ಲಿ ಅದು ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಿಡಿಯ ಒಳಭಾಗ ಟೊಳ್ಳಾಗಿದ್ದು ಸ್ಕ್ರೂ ಇರುವ ಸಂದಿ ತೆರೆದಿದ್ದರೆ ತೊಳೆಯುವಾಗ ನೀರು ಒಳಗೆ ಸೇರಿಕೊಳ್ಳುತ್ತದೆ. ಮೊದಲ ಕುಕ್ಕರನ್ನು ಬೋರಲು ಹಾಕಿ ಎತ್ತಿದರೆ ಕಟ್ಟೆಯ ಮೇಲೆ ತುಕ್ಕಿನ ಕಂದು ನೀರು ತೊಟ್ಟಿಕ್ಕುತ್ತಿತ್ತು. ಒಲೆಯ ಮೇಲಿಟ್ಟಾಗ ಅದೇ ನೀರು ಬಿಸಿಯಾಗಿ ಕೈ ಮೇಲೆ ಬಿದ್ದದ್ದೂ ಉಂಟು. ಸ್ಕ್ರೂ ತುಕ್ಕು ಹಿಡಿದು ಸಡಿಲವಾದಾಗ ನಾನು ಬಲವಾಗಿ ಬಿಗಿದೆ, ಬೇಕಲೈಟ್ ಸಣ್ಣಗೆ ಬಿರುಕು ಬಿಟ್ಟಿತು. ಅದು ಗಟ್ಟಿಯಾದರೂ ಸುಲಭವಾಗಿ ಬಿರಿಯುವ ವಸ್ತು, ಸ್ಕ್ರೂ ಕೂತ ಮೇಲೆ ಮತ್ತೆ ತಿರುಗಿಸಬಾರದು. ಈಗಿನ ಕುಕ್ಕರಿನ ಸ್ಕ್ರೂಗಳು ಸ್ಟೀಲಿನವು. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಸಡಿಲವಾಗಿದ್ದರೆ ಒಂದು ಕಾಲು ಸುತ್ತು ತಿರುಗಿಸಿದರೆ ಸಾಕು.

ಇದರಲ್ಲಿಯೂ ಒಂದು ಕೊರತೆಯಿದೆ. ಎದುರು ಬದಿಯ ಗಿಡ್ಡ ಹಿಡಿ ಎರಡು ಬೆರಳಿಗಷ್ಟೇ ಸಾಲುತ್ತದೆ, ಆದ್ದರಿಂದ ಬಸಿಯುವಾಗ ಆ ಕಡೆಗೆ ಮಸಿಬಟ್ಟೆ ಬೇಕೇ ಬೇಕು. ಉದ್ದನೆಯ ಹಿಡಿಯೊಂದರಿಂದಲೇ ತುಂಬಿದ ಪಾತ್ರೆಯನ್ನು ಎತ್ತುವುದು ಮಣಿಕಟ್ಟಿಗೆ ದೊಡ್ಡ ಹೊರೆ. ತಯಾರಕರು ಈ ಸಣ್ಣ ಹಿಡಿಗೆ ಇನ್ನೊಂದು ಬೆರಳಿನಷ್ಟು ಜಾಗ ಕೊಟ್ಟಿದ್ದರೆ ನಾನು ಇದಕ್ಕೆ ಪೂರ್ಣ ಅಂಕ ಕೊಡುತ್ತಿದ್ದೆ.

ಕಾವಲಿಯ ಲೆಕ್ಕವೇ ಬೇರೆ. ಎರಕದ ಕಬ್ಬಿಣದ ಕಾವಲಿಯಲ್ಲಿ ಹಿಡಿಯೂ ಅದೇ ಎರಕದ್ದಾದರೆ ಅದು ಸಡಿಲವಾಗುವ ಪ್ರಶ್ನೆಯೇ ಇಲ್ಲ, ಬಟ್ಟೆ ಹಿಡಿದು ಎತ್ತುವುದನ್ನು ರೂಢಿ ಮಾಡಿಕೊಂಡರಾಯಿತು. ಮರದ ಹಿಡಿ ಕೈಗೆ ಹಿತವಾದರೂ ನೀರಿನಲ್ಲಿ ನೆನೆಸಿಟ್ಟರೆ ಸೀಳುತ್ತದೆ. ತೆಳುವಾದ ಅಲ್ಯೂಮಿನಿಯಂ ಕಾವಲಿಗೆ ಭಾರವಾದ ಉದ್ದ ಹಿಡಿ ಹಾಕಿದ್ದರೆ ಖಾಲಿ ಕಾವಲಿ ಒಲೆಯ ಮೇಲೆ ಹಿಡಿಯ ಕಡೆಗೆ ವಾಲುತ್ತದೆ. ಅಂಗಡಿಯ ಕಟ್ಟೆಯ ಮೇಲೊಂದು ಸಣ್ಣ ಬಟ್ಟಲು ಬೋರಲಿಟ್ಟು, ಅದರ ಮೇಲೆ ಕಾವಲಿಯನ್ನಿಟ್ಟು ನೋಡಿದರೆ ಇದು ಅಲ್ಲೇ ಗೊತ್ತಾಗುತ್ತದೆ. ಮಿಕ್ಸಿ ಜಾರಿನ ಹಿಡಿಯಲ್ಲಿ ನೋಡಬೇಕಾದದ್ದು ಜಾರಿಗೂ ಹಿಡಿಗೂ ಕೂಡುವ ಸಂದಿಯನ್ನು. ಅಲ್ಲಿ ಚಟ್ನಿ ಸೇರಿಕೊಂಡರೆ ಬ್ರಶ್ ಕೂಡ ತಲುಪುವುದಿಲ್ಲ.

2021ರ ಫೆಬ್ರವರಿಯಿಂದ ಕುಕ್ಕರ್‌ಗಳಿಗೆ ಐಎಸ್ 2347 ಎಂಬ ಭಾರತೀಯ ಮಾನಕದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನಂತೂ ನೋಡಲೇಬೇಕು. ಅದರ ಜೊತೆಗೆ ಆ ಮಾದರಿಯ ಹಿಡಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ, ಸಾಧ್ಯವಾದರೆ ಒಂದನ್ನು ಕಣ್ಣಾರೆ ನೋಡಿ. ನಮ್ಮ ಮೊದಲ ಕುಕ್ಕರಿನ ಹಿಡಿಗಾಗಿ ನಾನು ನಾಲ್ಕು ಅಂಗಡಿ ಸುತ್ತಿದೆ, ಎಲ್ಲಿಯೂ ಸ್ಕ್ರೂ ತೂತು ಹೊಂದುವ ಹಿಡಿ ಸಿಗಲಿಲ್ಲ. ತಳ ಕೆಡದ, ಒಂದು ತಗ್ಗೂ ಬೀಳದ ಆ ಪಾತ್ರೆ ಹಿಡಿಯಿಲ್ಲದೆ ಈಗಲೂ ಅಟ್ಟದ ಮೇಲಿದೆ.