ದಿನಕ್ಕೊಂದು ಪುಟದ ಕ್ಯಾಲೆಂಡರ್: ಮೊದಲು ಅಕ್ಟೋಬರ್ 10 ತೆರೆದು ನೋಡಿ

ನಮ್ಮ ಪ್ರೌಢಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ‘ಈ ದಿನದ ವಿಶೇಷ’ ಓದಿಸುವ ಹೊಣೆ ನನ್ನದು. ಅದಕ್ಕಾಗಿಯೇ ಈ ಕನ್ನಡ ಕ್ಯಾಲೆಂಡರನ್ನು 250 ರೂಪಾಯಿ ಕೊಟ್ಟು ತಂದೆ. ಇಂಥದ್ದು ಕೈಗೆ ಬಂದರೆ ನಾನು ಮೊದಲು ತೆರೆಯುವುದು ಅಕ್ಟೋಬರ್ 10ರ ಪುಟವನ್ನು.

ಆ ತಾರೀಖಿನಂದೇ 1902ರಲ್ಲಿ ಕೋಟದಲ್ಲಿ ಶಿವರಾಮ ಕಾರಂತರು, 1906ರಲ್ಲಿ ಮದ್ರಾಸಿನಲ್ಲಿ ಆರ್.ಕೆ. ನಾರಾಯಣ್ ಹುಟ್ಟಿದರು. ಒಬ್ಬರು ಕಡಲತಡಿಯ ಬದುಕನ್ನು ಕನ್ನಡದಲ್ಲಿ ಬರೆದರು, ಇನ್ನೊಬ್ಬರು ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಮಾಲ್ಗುಡಿಯನ್ನು ಕಟ್ಟಿದರು. ಕಾರಂತರ ವಿವರ ಇಲ್ಲಿ ಸೊಗಸಾಗಿದೆ: ಯಕ್ಷಗಾನ, ಜ್ಞಾನಪೀಠ, ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂದಿರುಗಿಸಿದ್ದು, ಎಲ್ಲವೂ ಉಂಟು. ನಾರಾಯಣ್ ಅವರ ಹೆಸರೇ ಇಲ್ಲ! ಯಾದವಗಿರಿಯ ಅವರ ಮನೆ ಇಂದು ವಸ್ತುಸಂಗ್ರಹಾಲಯ. ನಮ್ಮ ಮಕ್ಕಳು ಪ್ರವಾಸದಲ್ಲಿ ಆಸೆಪಟ್ಟು ನೋಡಿದ ಮನೆ ಅದು. ನಿಜಕ್ಕೂ ನೋವಾಯಿತು.

ಹೊರದೇಶಗಳ ಸಂಗತಿಗಳ ಆಯ್ಕೆ ಮೆಚ್ಚುವಂತಿದೆ. 1911ರ ವುಚಾಂಗ್ ದಂಗೆಯನ್ನು ಹೆಸರಿಸಿ ಬಿಟ್ಟಿಲ್ಲ. ಅಲ್ಲಿಂದ ಹಬ್ಬಿದ ಕ್ರಾಂತಿ ಚೀನಾದ ಚಿಂಗ್ ಅರಸೊತ್ತಿಗೆಯನ್ನು ಕೊನೆಗಾಣಿಸಿತು ಎಂಬುದನ್ನೂ ಹೇಳಿದ್ದಾರೆ. ಎಂಟನೆಯ ತರಗತಿಯವರಿಗೂ ಅರ್ಥವಾಗುವ ಭಾಷೆ. 1964ರ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆ, 1970ರ ಫಿಜಿ ಸ್ವಾತಂತ್ರ್ಯ ಒಂದೊಂದೇ ಸಾಲು. ಅಷ್ಟು ಸಾಕು.

ಅಕ್ಷರ ದೊಡ್ಡದು, ಕಾಗದ ಗಟ್ಟಿ, ಆದರೆ ಮೇಲಿನ ಅಂಟು ಬೇಗ ಬಿಡುತ್ತದೆ. ದಪ್ಪ ಕ್ಲಿಪ್ ಹಾಕಿಕೊಳ್ಳಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮುಂದಿನ ವರ್ಷದ ಮುದ್ರಣದಲ್ಲಿ ನಾರಾಯಣ್ ಸೇರಿದರೆ ಪ್ರತಿ ತರಗತಿಗೂ ಒಂದೊಂದು ತರಿಸುತ್ತೇನೆ.