ಹೆಸರು ಬರ್ನ್ಟ್ ಸಿಯೆನ್ನಾ, ಒಳಗೆ ಕಪ್ಪು: ಕಂದು ಬಣ್ಣ ಕೊಳ್ಳುವವರೇ, ಟ್ಯೂಬಿನ ಹಿಂಬದಿ ಓದಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಜಲವರ್ಣ ಮಾಡುವವರಿಗೆ ಈ ಮಾತು. ಬೀದರ್ ಕೋಟೆಯ ಕಂದಕದ ಚಿತ್ರವೊಂದು ಒಂದೇ ಒಂದು ಟ್ಯೂಬಿನಿಂದ ಹಾಳಾಗಿದೆ. ಕಾಗದ 300 ಜಿಎಸ್ಎಂ ಕಾಟನ್, ನೀಲಿ ಒಳ್ಳೆಯದು, ಕೈಯೂ ಪಳಗಿದ್ದೇ. ಕೆಡಿಸಿದ್ದು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ. ಅಂಗಡಿಯ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಇಂಥ ಟ್ಯೂಬು ಎಲ್ಲೆಡೆ ಸಿಗುತ್ತದೆ, ಗುರುತು ಹಿಡಿಯಲು ಬಂದರೆ ಸಾಕು.

ಆ ಕಂದಕ ಜಂಬಿಟ್ಟಿಗೆ ಬಂಡೆಯಲ್ಲಿ ಕಡಿದದ್ದು. ಕಲ್ಲೆಲ್ಲ ತೂತು ತೂತು. ಬಿಸಿಲು ಬಿದ್ದಲ್ಲಿ ಕಿತ್ತಳೆಗೆಂಪು, ತೂತಿನೊಳಗೆ ನೀಲಿ ಕಡೆ ವಾಲುವ ಕಪ್ಪು. ಬರ್ನ್ಟ್ ಸಿಯೆನ್ನಾಗೆ ಅಲ್ಟ್ರಾಮರೀನ್ ನೀಲಿ ಬೆರೆಸಿ ಒದ್ದೆ ಕಾಗದದ ಮೇಲೆ ಬಿಟ್ಟರೆ ಎರಡೂ ಅಲ್ಲಲ್ಲಿ ಬಿಡಿಬಿಡಿಯಾಗಿ ಕೂತು, ಆ ಕಲ್ಲಿನ ಮೈ ತಾನಾಗೇ ಮೂಡಬೇಕು. ಈ ಟ್ಯೂಬಿನಲ್ಲಿ ಹಾಗಾಗಲಿಲ್ಲ. ಮೊದಲ ವಾಶ್, ಅಂದರೆ ನೀರಾದ ಬಣ್ಣದ ತೆಳು ಪದರ, ಚೆನ್ನಾಗೇ ಕಂಡಿತು. ನೀಲಿ ಸೇರಿದ ಕೂಡಲೇ ನೇರಳೆ ಛಾಯೆಯ ಬೂದುಬಣ್ಣವಾಯಿತು. ಎರಡನೇ ಪದರಕ್ಕೆ ಪೆನ್ಸಿಲ್ ಗೆರೆಗಳೂ ಮುಚ್ಚಿಹೋದವು. ಒಣಗಿದ ಮೇಲೆ ತೂತುಗಳಿರಬೇಕಾದಲ್ಲಿ ಒಂದೇ ಸಮನಾದ ಸತ್ತ ಪಟ್ಟೆ. ಒದ್ದೆ ಬ್ರಷ್‌ನಿಂದ ಎತ್ತಲು ಹೋದರೆ ಕೆಂಪು ಸ್ವಲ್ಪ ಬಂತು, ಕಪ್ಪು ಬರಲಿಲ್ಲ. ಕಾರ್ಬನ್ ಕಣ ಬಲು ಸಣ್ಣದು, ಹತ್ತಿಯ ಎಳೆಯೊಳಗೆ ಇಳಿದರೆ ಮುಗಿಯಿತು.

ಟ್ಯೂಬಿನ ಮಡಿಕೆಯ ಹತ್ತಿರ ಕಾಳಿನಷ್ಟು ಅಕ್ಷರದಲ್ಲಿ ಒಳಗಿನ ಬಣ್ಣದ ಪುಡಿಗಳ ಸಂಕೇತ ಬರೆದಿತ್ತು: ಪಿ.ಆರ್. 101, ಪಿ.ಬಿ.ಕೆ. 7. ಅಂದರೆ ಕೃತಕ ಕೆಂಪು ಐರನ್ ಆಕ್ಸೈಡ್‌ಗೆ ಕಾರ್ಬನ್ ಕಪ್ಪು ಬೆರೆಸಿದ್ದು. ಅಸಲಿ ಬರ್ನ್ಟ್ ಸಿಯೆನ್ನಾ ಹಳದಿ ಮಣ್ಣನ್ನು ಸುಟ್ಟು ಮಾಡುವಂಥದ್ದು. ಕಾವಿಗೆ ಆ ಮಣ್ಣಿನ ಕಬ್ಬಿಣದ ಅಂಶದೊಳಗಿನ ನೀರು ಹೋಗಿ ಹಳದಿ ಕೆಂಪಾಗುತ್ತದೆ. ಅದರ ಸಂಕೇತ ಪಿ.ಬಿ.ಆರ್. 7. ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ: ರಾ ಸಿಯೆನ್ನಾ, ರಾ ಅಂಬರ್, ಬರ್ನ್ಟ್ ಅಂಬರ್ ಎಂಬ ಬೇರೆ ಮಣ್ಣಿನ ಬಣ್ಣಗಳಿಗೂ ಇದೇ ಸಂಕೇತ ಇರುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬಣ್ಣ ಗಾಢ. ಇನ್ನು ಪಿ.ಆರ್. 101 ಎಂದರೆ ಕೆಟ್ಟದ್ದೇ ಅಂತಲೂ ಅಲ್ಲ. ಅದರಲ್ಲಿ ಪಾರದರ್ಶಕ ಬಗೆಯೂ ಇದೆ, ಒಳ್ಳೆಯ ತಯಾರಕರು ಅದರಿಂದ ಚಂದದ ಬರ್ನ್ಟ್ ಸಿಯೆನ್ನಾ ಮಾಡುತ್ತಾರೆ. ಹಾಗಾಗಿ ಸಂಕೇತದ ಜೊತೆಗೆ ಟ್ಯೂಬಿನ ಮೇಲಿನ ಚೌಕದ ಗುರುತನ್ನೂ ನೋಡಿ. ಖಾಲಿ ಚೌಕವೆಂದರೆ ಪಾರದರ್ಶಕ, ತುಂಬಿದ ಚೌಕವೆಂದರೆ ಮುಚ್ಚುವ ಬಣ್ಣ. ಪಿ.ಬಿ.ಕೆ. ಎಂದು ಶುರುವಾಗುವ ಯಾವುದೇ ಸಂಕೇತ ಕಂಡರೆ ಅದರಲ್ಲಿ ಕಪ್ಪು ಇದೆ. ನೆರಳಿಗೆ ನೀಲಿ ಬೆರೆಸುವ ಅಭ್ಯಾಸ ಇದ್ದರೆ ಆ ಟ್ಯೂಬನ್ನು ಕೊಳ್ಳದೆ ಬಿಟ್ಟುಬಿಡಿ. ಸಂಕೇತವನ್ನೇ ಬರೆಯದ ಟ್ಯೂಬು ಎಷ್ಟು ಅಗ್ಗವಾದರೂ ಬೇಡ.

ವ್ಯಾನ್ ಡೈಕ್ ಬ್ರೌನ್ ಕೊಳ್ಳುವವರು ಎನ್.ಬಿ.ಆರ್. 8 ಇದೆಯೇ ನೋಡಿ. ಅದು ಕೊಳೆತ ಸಸ್ಯದಿಂದಾದ ಮಣ್ಣಿನ ಬಣ್ಣ, ಬೆಳಕಿಗೆ ಮಾಸುತ್ತದೆ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಚಿತ್ರಕ್ಕಂತೂ ಸಲ್ಲದು.

ಹೊಸ ಟ್ಯೂಬು ತಂದ ದಿನವೇ ಪರೀಕ್ಷೆ ಮಾಡಿ. ಚಿತ್ರ ಶುರು ಮಾಡಿದ ಮೇಲೆ ಅಲ್ಲ. ನೀರಿಗೆ ಕರಗದ ಕಪ್ಪು ಪೆನ್ನಿನಿಂದ ದಪ್ಪ ಗೆರೆ ಎಳೆದು ಒಣಗಿಸಿ, ಮೇಲೆ ಬಣ್ಣ ಸವರಿ. ಗೆರೆಯ ಮೇಲೆ ಕಂದು ಪೊರೆ ಕಟ್ಟಿದರೆ ಅದು ಮುಚ್ಚುವ ಬಣ್ಣ. ಪಕ್ಕದಲ್ಲೇ ಅಲ್ಟ್ರಾಮರೀನ್ ಜೊತೆ ಸಮಸಮ ಬೆರೆಸಿ ಹಚ್ಚಿ ನೋಡಿ: ಉಸಿರಾಡುವ ಬೂದುಬಣ್ಣ ಬರಬೇಕು, ಕೆಸರಲ್ಲ. ಮೂರನೆಯದಕ್ಕೆ ತಾಳ್ಮೆ ಬೇಕು. ಬಣ್ಣದ ಪಟ್ಟಿಯ ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಎರಡು ತಿಂಗಳು ಬಿಡಿ. ಕಾಗದ ತೆಗೆದಾಗ ನಡುವೆ ಗಡಿ ಕಂಡರೆ ಆ ಬಣ್ಣ ನಿಲ್ಲುವುದಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲು ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಅದೇ ಬಿಸಿಲು ಚಿತ್ರ ಮಾಡುವಾಗ ಮಾತ್ರ ಶತ್ರು. ವಾಶ್ ಹರಡುವ ಮೊದಲೇ ಅಂಚು ಒಣಗಿ ಗೆರೆ ನಿಲ್ಲುತ್ತದೆ. ಕಾಗದದ ಎರಡೂ ಬದಿ ನೆನೆಸಿ, ಹಲಗೆ ನೆರಳಲ್ಲಿಡಿ, ಫ್ಯಾನ್ ಆರಿಸಿ. ಬೋರ್‌ವೆಲ್ ನೀರು ಬಳಸಬೇಡಿ. ಸೇಡಂ, ಚಿತ್ತಾಪುರ ಕಡೆ ನೆಲದಡಿ ಸುಣ್ಣಕಲ್ಲು, ನೀರು ಗಡಸು. ಅದರಲ್ಲಿ ಬಣ್ಣದ ಕಣ ಗುಂಪುಗಟ್ಟಿ ಮರಳು ಮರಳಾಗಬಹುದು. ಕುಡಿಯುವ ಫಿಲ್ಟರ್ ನೀರು ಎರಡು ಲೋಟ ಸಾಕು, ಒಂದು ಬ್ರಷ್ ತೊಳೆಯಲು, ಇನ್ನೊಂದು ಬೆರೆಸಲು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ, ಅದನ್ನು ಬಳಸುವಾಗ ಬ್ರಷ್ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಚಾಳಿ ಬಿಡಿ. ಮಕ್ಕಳಿಗೂ ಬಿಡಿಸಿ.

ಬೀದರ್ ಕೆಮ್ಮಣ್ಣಿನಿಂದಲೇ ಬಣ್ಣ ಮಾಡಿಕೊಂಡರಾಯಿತು ಎನ್ನುವವರೂ ಇದ್ದಾರೆ. ಆಗುತ್ತದೆ, ಆದರೆ ಜರಡಿ ಹಿಡಿದರೆ ಸಾಲದು. ಮಣ್ಣನ್ನು ನೀರಲ್ಲಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಬೇಕು. ತಳದ ಮರಳು ಬೆರಳಿಗೆ ಸಿಗದವರೆಗೂ ಹೀಗೆ ಮಾಡಿ, ನೀರು ತಿಳಿಯಾದ ಮೇಲೆ ಅದನ್ನು ಚೆಲ್ಲಿ, ತಳದ ಕೆಸರನ್ನು ಒಣಗಿಸಿ, ಅರೇಬಿಕ್ ಗೋಂದಿನ ನೀರಿನಲ್ಲಿ ಗಾಜಿನ ಮೇಲೆ ಅರೆಯಬೇಕು. ಒಂದು ಮರಳ ಕಣ ಉಳಿದರೂ ಕಾಗದದ ಮೈ ಗೀರುತ್ತದೆ. ಒಣ ಪುಡಿ ಮುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ.

ಕಪ್ಪು ಬೆರೆತ ಟ್ಯೂಬು ಈಗಾಗಲೇ ತಂದಿದ್ದರೆ ನೀಲಿ ಮುಟ್ಟಿಸದೆ, ಒಂದೇ ಪದರದಲ್ಲಿ, ಮರದ ಕಾಂಡಕ್ಕೋ ಹತ್ತಿರದ ನೆಲಕ್ಕೋ ಬಳಸಿ ಖಾಲಿ ಮಾಡಿ.