ಹದಿನೆಂಟು ತಿಂಗಳು ಒಂದೇ ಸಿಮ್: ಸ್ಕೀಮಿನ ಫೋನ್ ಬಳಸಿ ನೋಡಿದ ಮೇಲೆ

2023ರ ದೀಪಾವಳಿಯಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಒಂದು ಅಂಗಡಿಯಲ್ಲಿ ಈ ಫೋನ್ ತಗೊಂಡೆ. ಆಗ ತಾನೇ ಬಂದ ಮಾಡೆಲ್. ಫೋನ್ ಕಂಪನಿ ಮತ್ತು ಸಿಮ್ ಕಂಪನಿ ಸೇರಿ ಮಾಡಿದ ಸ್ಕೀಮ್. ಅದೇ ಫೋನ್ ಬಿಡಿಯಾಗಿ ಕೊಂಡರೆ 1,500 ರೂಪಾಯಿ ಜಾಸ್ತಿ. ಸ್ಕೀಮಿನಲ್ಲಾದರೆ ಕಡಿಮೆ, ಆದರೆ 18 ತಿಂಗಳು ಅವರ ಸಿಮ್ ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ. ಅಂಗಡಿಯವನು ಏನೂ ಮುಚ್ಚಿಡಲಿಲ್ಲ. "ಸರ, ಇದು ಸ್ಕೀಮಿನ ಮಾಲ್ ಅದ್ರಿ. ಸಿಮ್ ಒಂದೇ ಕಂಪನಿದು ನಡೀತದ. ಆಮ್ಯಾಲ ಬಂದು ನನಗ ಕೇಳಬ್ಯಾಡ್ರಿ" ಅಂದಿದ್ದ. ನಾನೇ ತಲೆಯಾಡಿಸಿದ್ದೆ. ಎರಡೂ ಕಂಪನಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥ ಸ್ಕೀಮ್ ಇವರೊಬ್ಬರದ್ದೇ ಅಲ್ಲ.

ಮೊದಲು ಫೋನಿನ ವಿಷಯ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ, 5,000 ಎಂಎಎಚ್ ಬ್ಯಾಟರಿ. ಈ ದರಕ್ಕೆ ಬ್ಯಾಟರಿ ಚಿನ್ನ. ಬೆಳಗ್ಗೆ ತುಂಬಿಸಿದರೆ ಮರುದಿನ ಮಧ್ಯಾಹ್ನದವರೆಗೆ ಬರುತ್ತಿತ್ತು, ಈಗಲೂ ರಾತ್ರಿವರೆಗೆ ಬರುತ್ತದೆ. ಆದರೆ ತುಂಬಿಸಲು ಮೂರು ತಾಸು ಬೇಕು. ಸ್ಕ್ರೀನ್ ಒಳಗೆ ಚೆನ್ನಾಗಿದೆ, ಬಿಸಿಲಿಗೆ ಹೋದರೆ ಕನ್ನಡಿ ನೋಡಿದ ಹಾಗೆ, ನಿಮ್ಮ ಮುಖ ಮಾತ್ರ ಕಾಣುತ್ತದೆ. ವರ್ಷ ಕಳೆದ ಮೇಲೆ ನಿಧಾನ ಆಯ್ತು. ವಾಟ್ಸ್ಆ್ಯಪ್ ತೆರೆದು ನೀರು ಕುಡಿದು ಬರಬಹುದು.

ಕ್ಯಾಮೆರಾ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಗಂಜ್ ಮಾರುಕಟ್ಟೆಯ ಹತ್ತಿರ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸೀಸನ್‌ನಲ್ಲಿ ತೊಗರಿಯ ಸ್ಯಾಂಪಲ್ ಫೋಟೋ ತೆಗೆದು ವ್ಯಾಪಾರಿಗಳಿಗೆ ಕಳಿಸುವುದು ದಿನದ ಕೆಲಸ. ಈ ಫೋನ್ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ತೊಗರಿಯನ್ನೂ ಒಂದು ಕೈ ಜಾಸ್ತಿ ಕೆಂಪು ಮಾಡುತ್ತದೆ. ಬಿಳಿ ತೊಗರಿಯ ಫೋಟೋ ನೋಡಿ "ಇದು ಯಾವ ತಳಿರೀ?" ಅಂತ ಎರಡು ಸಲ ಫೋನ್ ಬಂತು. ಆಮೇಲೆ ಹೊರಗೆ ನೆರಳಿನಲ್ಲಿ ಹಿಡಿದು ತೆಗೆಯುವುದು ರೂಢಿಯಾಯ್ತು.

ಬಿಸಿಲಿನ ಕಥೆ ಬೇರೆ. ದೊಡ್ಡ ಫೋನ್ ಕಂಪನಿಗಳು 35 ಡಿಗ್ರಿವರೆಗಿನ ಸೆಕೆಯಲ್ಲಿ ಬಳಸಿ ಅಂತ ಹೇಳುತ್ತವೆ. ನಮ್ಮಲ್ಲಿ ಅದು ಮಾರ್ಚ್‌ನಲ್ಲೇ ದಾಟಿರುತ್ತದೆ. ಮೇ ತಿಂಗಳಲ್ಲಿ 42, 43 ಮುಟ್ಟಿದಾಗ ಫೋನ್ ಚಾರ್ಜ್ ಆಗುವುದನ್ನೇ ನಿಲ್ಲಿಸಿ ಕುಳಿತುಕೊಳ್ಳುತ್ತಿತ್ತು. ಗಡಿಗೆಯ ಪಕ್ಕ ಇಟ್ಟರೆ ಮತ್ತೆ ಶುರು.

ಇದೆಲ್ಲ ಸಹಿಸಬಹುದು. ತಲೆನೋವು ಸಿಮ್‌ನದು.

ಮೊದಲ ದಿನವೇ ಸಿಕ್ಕಿಬಿದ್ದೆ. ನನ್ನ ಹಳೇ ನಂಬರ್ ಬೇರೆ ಕಂಪನಿಯದು, ಬ್ಯಾಂಕಿಗೆ ಅದನ್ನೇ ಕೊಟ್ಟಿದ್ದೆ. ಯುಪಿಐ ಶುರು ಮಾಡುವಾಗ ಆ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಅಲ್ಲಿಂದಲೇ ಒಂದು ಎಸ್‌ಎಂಎಸ್ ಹೋಗಬೇಕು. ಹಳೇ ಸಿಮ್ ಹಾಕಿದರೆ ಫೋನ್ ಒಪ್ಪುವುದಿಲ್ಲ. ಎರಡನೇ ಸ್ಲಾಟ್ ಇದೆ, ಅದಕ್ಕೂ ಬೀಗ. ಕೊನೆಗೆ ನಂಬರನ್ನೇ ಪೋರ್ಟ್ ಮಾಡಿಸಿದೆ. 1900ಕ್ಕೆ ಪೋರ್ಟ್ ಅಂತ ಬರೆದು ನಂಬರ್ ಹಾಕಿ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದಕ್ಕೆ ನಾಲ್ಕು ದಿನ ಆಯಸ್ಸು, ಅಷ್ಟರಲ್ಲಿ ಹೊಸ ಕಂಪನಿಗೆ ಕೊಡಬೇಕು. ಕೆಲಸ ಮೂರು ದಿನದಲ್ಲಿ ಮುಗಿಯಿತು. ಆದರೆ ಒಮ್ಮೆ ಪೋರ್ಟ್ ಆದರೆ 90 ದಿನ ಮತ್ತೆ ಬದಲಿಸಲು ಬರುವುದಿಲ್ಲ.

ಕಲಬುರಗಿ ಊರೊಳಗೆ ನೆಟ್‌ವರ್ಕ್‌ಗೆ ದೂರು ಹೇಳಿದರೆ ಸುಳ್ಳಾಗುತ್ತದೆ. ಸ್ಟೇಷನ್ ರೋಡ್, ಜಗತ್ ಸರ್ಕಲ್, ಮಿಲ್, ಎಲ್ಲಾ ಕಡೆ ಓಡುತ್ತಿತ್ತು. ಶರಣಬಸವೇಶ್ವರ ಜಾತ್ರೆಯ ದಿನ ಮಾತ್ರ ನಿಂತುಹೋಗಿತ್ತು. ಅಷ್ಟು ಜನ ಒಂದೇ ಕಡೆ ಸೇರಿದರೆ ಯಾವ ಕಂಪನಿಯದ್ದಾದರೂ ಅಷ್ಟೇ.

ಪ್ರತಿ ಶನಿವಾರ ಊರಿಗೆ ಹೋಗುತ್ತೇನೆ, ಚಿತ್ತಾಪುರ ತಾಲೂಕು. ನಮ್ಮ ಮನೆ ಹಳೇದು, ಗೋಡೆಗೂ ಶಹಾಬಾದ್ ಕಲ್ಲು, ಮೇಲೆ ಹೊದಿಸಿದ್ದೂ ಅದೇ ಕಲ್ಲಿನ ಚಪ್ಪಡಿ. ಬೇಸಿಗೆಗೆ ತಂಪು, ಸಿಗ್ನಲ್‌ಗೆ ಶತ್ರು. ಟವರ್ ಬಿಡುವ ಅಲೆಗಳಲ್ಲೂ ತರಾವರಿ ಇದೆ. ಕಡಿಮೆ ಫ್ರೀಕ್ವೆನ್ಸಿಯವು ದೂರ ಹೋಗುತ್ತವೆ, ಗೋಡೆಯನ್ನೂ ಸ್ವಲ್ಪ ದಾಟುತ್ತವೆ. ಮೇಲಿನ ಫ್ರೀಕ್ವೆನ್ಸಿಯವು ಡೇಟಾ ಜಾಸ್ತಿ ಹೊರುತ್ತವೆ, ದಪ್ಪ ಗೋಡೆ ಕಂಡರೆ ಅಲ್ಲೇ ಸುಸ್ತು. ನನ್ನ ಸಿಮ್‌ನ ಟವರ್ ನಮ್ಮೂರಿಂದ ಎರಡು ಊರು ಆಚೆ. ಮನೆಯೊಳಗೆ ಒಂದು ಕಡ್ಡಿಯೂ ಇಲ್ಲ. ಬೇರೆ ಕಂಪನಿಯ ಟವರ್ ಊರ ಹೊಲದಲ್ಲೇ ನಿಂತಿದೆ, ಅಂಗಳದಿಂದ ಕಾಣುತ್ತದೆ!

"ಅಲ್ಲೋ ತಮ್ಮಾ, ಹೊಸಾ ಫೋನ್ ತಗೊಂಡಿ, ಮಾತಾಡಲಿಕ್ಕ ಮಾಳಗಿ ಏರಬೇಕೇನು?" ಅಂದರು ಅಪ್ಪ. ಹೌದು, ಏರಬೇಕಿತ್ತು. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಏರಿದ್ದೇನೆ. ಒಂದು ಭಾನುವಾರ ಮಿಲ್ ಮಾಲೀಕರು ಹನ್ನೊಂದು ಸಲ ಫೋನ್ ಮಾಡಿದ್ದರು, ನನಗೆ ಗೊತ್ತಾಗಿದ್ದು ಸೋಮವಾರ ಬಸ್ಸಿನಲ್ಲಿ. ಆ ವಾರವೇ 1,250 ಕೊಟ್ಟು ಒಂದು ಕೀಪ್ಯಾಡ್ ಫೋನ್, ಹೊಲದ ಟವರಿನ ಸಿಮ್ ತಂದೆ.

ಲೆಕ್ಕ ಬರೆಯುವವನು ನಾನು, ಆದರೂ ಕೊಳ್ಳುವಾಗ ಈ ಲೆಕ್ಕ ಹಾಕಲಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ದರ ಏರಿಸಿದವು. ಬಿಎಸ್‌ಎನ್‌ಎಲ್ ಏರಿಸಲಿಲ್ಲ, ಮಿಲ್‌ನಲ್ಲಿ ನಾಲ್ಕೈದು ಜನ ಅತ್ತ ಪೋರ್ಟ್ ಆದರು. ನಾನು ನೋಡುತ್ತಾ ಕುಳಿತೆ. ನನ್ನ 28 ದಿನದ ಪ್ಯಾಕ್‌ಗೆ 50 ರೂಪಾಯಿ ಜಾಸ್ತಿ. ಬೀಗದ ಅವಧಿ ಮುಗಿಯುವವರೆಗೆ 11 ರೀಚಾರ್ಜ್, ಅಂದರೆ 550. ಕೀಪ್ಯಾಡ್ ಫೋನಿನ 1,250 ಸೇರಿದರೆ 1,800. ಉಳಿಸಿದ್ದು 1,500. ಎರಡನೇ ಸಿಮ್‌ನ ರೀಚಾರ್ಜ್ ನಾನು ಸೇರಿಸಿಲ್ಲ, ಸೇರಿಸಿದರೆ ಹೊಟ್ಟೆ ಉರಿಯುತ್ತದೆ.

ಫೋನ್ ಮತ್ತು ಸಿಮ್ ಒಟ್ಟಿಗೆ ಮಾರುವುದು ನಮಗೆ ಹೊಸದಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಫೋನ್ ಕೊಟ್ಟಾಗ ನಮ್ಮ ಕಾಕಾ ಒಂದು ತಂದಿದ್ದರು. ಅದಕ್ಕೆ ಸಿಮ್ಮೇ ಇರಲಿಲ್ಲ, ನಂಬರ್ ಫೋನಿನೊಳಗೇ. 2008ರ ಆಗಸ್ಟ್‌ನಲ್ಲಿ ಐಫೋನ್ ಭಾರತಕ್ಕೆ ಬಂದಿದ್ದೂ ಏರ್‌ಟೆಲ್, ವೊಡಾಫೋನ್ ಮೂಲಕವೇ, 8 ಜಿಬಿಯದ್ದಕ್ಕೆ 31,000 ರೂಪಾಯಿ. ಅದೇ ಫೋನ್ ಅಮೆರಿಕದಲ್ಲಿ 199 ಡಾಲರ್ ಅಂತ ಜನ ಬಾಯಿ ಬಿಟ್ಟಿದ್ದರು. ಅಲ್ಲಿ ಎರಡು ವರ್ಷದ ಕರಾರು ಇತ್ತು, ಉಳಿದ ದುಡ್ಡು ತಿಂಗಳ ಬಿಲ್ಲಿನಲ್ಲಿ ಹೋಗುತ್ತಿತ್ತು. 2021ರ ದೀಪಾವಳಿಗೆ ಜಿಯೋ ಮತ್ತು ಗೂಗಲ್ ಸೇರಿ ತಂದ ಫೋನ್ 6,499. ಅದನ್ನು ಕಂತಿನಲ್ಲಿ, ಪ್ಯಾಕ್ ಸಮೇತ ಕೂಡ ಕೊಟ್ಟರು. ಎಲ್ಲದರಲ್ಲೂ ಮೊದಲು ಕೇಳುವ ದರ ಚಿಕ್ಕದು. ಆದರೆ ನೀವು ಕೊಳ್ಳುವುದು ಫೋನ್ ಅಲ್ಲ, ಟವರ್. ಆ ಟವರ್ ನಿಮ್ಮ ಮನೆ ಹತ್ತಿರ ಇದ್ದರೆ ಸ್ಕೀಮ್ ಲಾಭವೇ. ನಮ್ಮ ಮಿಲ್‌ನ ಹಮಾಲ ಒಬ್ಬರು ಇದೇ ಫೋನ್ ತಗೊಂಡು ಖುಷಿಯಾಗಿದ್ದಾರೆ. ಅವರು ಊರೊಳಗೇ ಇರುತ್ತಾರೆ, ಅವರಿಗೆ ಬೀಗ ಇರುವುದೇ ಮರೆತುಹೋಗಿದೆ.

ತಗೊಳ್ಳುವ ಮುಂಚೆ ಆ ಕಂಪನಿಯ ಸಿಮ್ ಇರುವ ಯಾರನ್ನಾದರೂ ಒಂದು ಊಟಕ್ಕೆ ಮನೆಗೆ ಕರೆಯಿರಿ. ಅಡುಗೆಮನೆಯಲ್ಲಿ ನಿಲ್ಲಿಸಿ ಒಂದು ಕಾಲ್ ಮಾಡಿಸಿ. ಸುಮ್ನೆ ಹೇಳುತ್ತಿಲ್ಲ.

2025ರ ಮೇ ತಿಂಗಳಿಗೆ 18 ತಿಂಗಳು ಮುಗಿಯಿತು, ಬೀಗ ತಾನೇ ತೆರೆಯಲಿಲ್ಲ. ಸಿಮ್ ಕಂಪನಿಗೆ ಫೋನ್ ಮಾಡಿದರೆ ಫೋನ್ ಕಂಪನಿಯನ್ನು ಕೇಳಿ ಅಂದರು, ಅವರನ್ನು ಕೇಳಿದರೆ ಇವರನ್ನು ಕೇಳಿ ಅಂದರು. ರೀಚಾರ್ಜ್ ತಪ್ಪಿದ ದಿನಗಳನ್ನು ಎಣಿಸುವುದಿಲ್ಲ ಅಂತ ಕರಾರಿನಲ್ಲಿ ಇತ್ತಂತೆ, ನನ್ನವು ಒಂಬತ್ತು ದಿನ ತಪ್ಪಿದ್ದವು. ಫೋನಿನ ಗುರುತಿನ ನಂಬರ್, ಅಂದರೆ ಐಎಂಇಐ, ಬರೆದುಕೊಟ್ಟು, ಎರಡು ಸಲ ಅವರ ಅಂಗಡಿಗೆ ಅಲೆದು, ಅಂತೂ ಇಪ್ಪತ್ಮೂರನೇ ದಿನ ವೈಫೈಗೆ ಹಾಕಿ ಆಫ್ ಮಾಡಿ ಆನ್ ಮಾಡಿದಾಗ ತೆರೆಯಿತು.

ಫೋನಿಗೆ ಐದಕ್ಕೆ ಮೂರುವರೆ, ಸ್ಕೀಮಿಗೆ ಒಂದು. ಈಗ ಫೋನ್ ಊರಿನಲ್ಲಿ ಅವ್ವನ ಹತ್ತಿರ ಇದೆ. ಹೊಲದ ಟವರಿನ ಸಿಮ್ ಹಾಕಿದ್ದೇನೆ, ಅಡುಗೆಮನೆಯಲ್ಲೇ ಕುಳಿತು ತಂಗಿಯ ಜೊತೆ ವಿಡಿಯೋ ಕಾಲ್ ಮಾಡುತ್ತಾರೆ. ಹಳೇ ಸಿಮ್ ಕಂಪನಿಯ ಆ್ಯಪ್ ಮಾತ್ರ ತೆಗೆಯಲು ಬರುವುದಿಲ್ಲ. ದಿನಾ ಬೆಳಗ್ಗೆ ಒಂಬತ್ತಕ್ಕೆ ಟಿಂಗ್ ಅಂತ ರೀಚಾರ್ಜ್ ಆಫರ್ ತೋರಿಸುತ್ತದೆ. ಅವ್ವ ಅದನ್ನು ಕೇಳಿಯೇ ಒಂಬತ್ತು ಹೊಡೆಯಿತು ಅಂತ ಅಪ್ಪನಿಗೆ ಚಹಾ ಇಡುತ್ತಾರೆ.